ಚಿಕ್ಕಪ್ಪನ ಎರಡು ಮೂತಿಯ ಲಾಂದ್ರ

ನಮ್ಮ ಚಿಕ್ಕಪ್ಪನಿಗೆ ತಲೆ ಸರಿಯಿಲ್ಲ ಎಂದು ಸಿಡ್ನಿಯ ಟೂಂಗಾಬಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ತಲೆ ಸರಿಯಾಗಿಯೇ ಇತ್ತು, ನೂರು ವರ್ಷ ಹಿಂದೆ ಉಳಿದಿತ್ತು, ಅಷ್ಟೇ! ತೊಂಬತ್ತರ ದಶಕದ ಆರಂಭವದು. ಎಲ್ಲರೂ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ತರುತ್ತಿದ್ದರೆ, ಸಿವಿಲ್ ಎಂಜಿನಿಯರ್ ಆದ ಈ ಮಹಾಶಯರು ವಿಕ್ಟೋರಿಯಾ ರಾಣಿಯ ಕಾಲದ ಮಾಯಾಲಾಂದ್ರದ ಹಿಂದೆ ಬಿದ್ದಿದ್ದರು. ಗಾಜಿನ ಮೇಲೆ ಬರೆದ ಚಿತ್ರವನ್ನು ದೀಪದ ಬೆಳಕಿನಿಂದ ಗೋಡೆಯ ಮೇಲೆ ಮೂಡಿಸುವ ಪೆಟ್ಟಿಗೆ. ಸಿನಿಮಾದ ಮುತ್ತಜ್ಜಿ ಎನ್ನಿ.

ಹಳೆಯದೊಂದು ಮೆಲ್ಬರ್ನ್‌ನಲ್ಲಿ ಸಿಕ್ಕಿತು. ಅಲ್ಲೇ ಬಾಕ್ಸ್ ಹಿಲ್‌ನಲ್ಲಿದ್ದ ಪಾಪಿ ನಾನು, ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸಿಡ್ನಿಗೆ ತಂದೆ. ಮಹಾಗನಿ ಮರದ ಮೈ, ಹಿತ್ತಾಳೆಯ ಮೂತಿ, ತಲೆಯ ಮೇಲೆ ತಗಡಿನ ಹೊಗೆಕೊಳವೆ. ಪಕ್ಕದ ಸೀಟಿನ ಮುದುಕರು ಅದರಲ್ಲಿ ಟೀ ಆಗುತ್ತದೆಂದು ದಾರಿಯುದ್ದಕ್ಕೂ ಕಾದರು!

ಚಿಕ್ಕಪ್ಪನಿಗೆ ಒಂದು ಮೂತಿ ಸಾಲಲಿಲ್ಲ. ಅದರ ಮೇಲೆ ಇನ್ನೊಂದು ಪೆಟ್ಟಿಗೆ, ಇನ್ನೊಂದು ದೀಪ, ಇನ್ನೊಂದು ಮಸೂರ ಕೂರಿಸಿದರು. ಎರಡೂ ಬೆಳಕು ಗೋಡೆಯ ಒಂದೇ ಜಾಗಕ್ಕೆ ಬೀಳಬೇಕು. ಒಂದರ ಮುಚ್ಚಳ ಮೆಲ್ಲಗೆ ಮುಚ್ಚುತ್ತಿದ್ದಂತೆ ಇನ್ನೊಂದರದ್ದು ಮೆಲ್ಲಗೆ ತೆರೆದರೆ, ಒಂದು ಚಿತ್ರ ಕರಗಿ ಇನ್ನೊಂದು ಮೂಡುತ್ತದಂತೆ.

"ಸ್ಲೈಡ್ ಪ್ರೊಜೆಕ್ಟರ್ ಅಂಗಡೀಲೇ ಸಿಗತ್ತಲ್ಲ ಚಿಕ್ಕಪ್ಪ?"

"ಅದು ಟಕ್ ಅನ್ನತ್ತೆ ಕಣೋ."

ಟಕ್ ಅಂದರೆ ಯಾರಪ್ಪನ ಗಂಟು ಹೋಯಿತು?

ಆ ಮನೆಯಲ್ಲಿ ಆಗ ನಮ್ಮ ಅಜ್ಜಿಯೂ ಇದ್ದಳು. ಮೈಸೂರಿನಿಂದ ಕರೆತಂದ ಮೇಲೆ ನೆನಪು ಅಳಿಸುತ್ತಾ ಬಂದಿತ್ತು. ದಿನಾ ಸಂಜೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಕತ್ತಲಾಯ್ತು, ಮನೆಗೆ ಹೋಗೋಣ." ಇದೇ ಮನೆ ಅಮ್ಮ ಎಂದರೆ ಅಳುತ್ತಿದ್ದಳು. ಇಂಥ ಹೊತ್ತಿನಲ್ಲಿ ಮಗರಾಯ ಗ್ಯಾರೇಜಿನಲ್ಲಿ ಗಾಜಿಗೆ ಬಣ್ಣ ಬಳಿಯುತ್ತಾ ಕೂತರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನಗಂತೂ ಬಂತು.

ಮೊದಲ ಪ್ರದರ್ಶನದ ಕಥೆ ಕೇಳಿ. ಲಾಂದ್ರಕ್ಕೆ ಬೇಕಾದ್ದು ಸೀಮೆಎಣ್ಣೆ. "ಅಮ್ಮನ ಎದುರಿಗೆ ಸೀಮೆಎಣ್ಣೆ ದೀಪವಾ? ಛೆ!" ಎಂದು ಚಿಕ್ಕಪ್ಪ ದೇವರ ಗೂಡಿನ ಎಳ್ಳೆಣ್ಣೆ ಸುರಿದು ಹೂಬತ್ತಿ ಹಚ್ಚಿದರು. ಹೊಗೆಯೆದ್ದು ಸ್ಮೋಕ್ ಅಲಾರ್ಮ್ ಬಡಿದುಕೊಂಡಿತು. ಮಂಗಳಾರತಿಯೆಂದು ಅಜ್ಜಿ ಎದ್ದುಬಂದು, ಹೊಗೆಕೊಳವೆಯ ಬಿಸಿಗೆ ಅಂಗೈ ಒಡ್ಡಿ ಕಣ್ಣಿಗೊತ್ತಿಕೊಂಡಳು! ಸಾಲದ್ದಕ್ಕೆ, ಗಾಜನ್ನು ತಲೆಕೆಳಗಾಗಿ ತೂರಿಸಬೇಕೆಂಬುದು ಮರೆತುಹೋಗಿ ಗೋಡೆಯ ಮೇಲೆ ಬೀದಿಯೊಂದು ಉಲ್ಟಾ ನೇತಾಡಿತು.

"ಇಂಡಿಯಾದಿಂದ ನೋಡಿದ್ರೆ ನಾವು ಹೀಗೇ ಕಾಣೋದು ಬಿಡಿ," ಎಂದರು ಚಿಕ್ಕಮ್ಮ.

ಮುಂದಿನ ಬಾರಿ ನಾನು ಹೋದಾಗ ಸೀಮೆಎಣ್ಣೆ ಬಂದಿತ್ತು. ಸಂಜೆ ಅಜ್ಜಿ ಚೀಲ ಹಿಡಿದು ನಿಂತಳು. "ಬಾಮ್ಮ, ಹೋಗೋಣ," ಎಂದು ಚಿಕ್ಕಪ್ಪ ಅವಳನ್ನು ಗೋಡೆಯ ಎದುರು ಕೂರಿಸಿದರು.

ಅವಳ ಮೈಸೂರಿನ ಬೀದಿ ಬಂತು. ಹೆಂಚಿನ ಮನೆಗಳು, ನಿಂತ ಜಟಕಾ, ಮೂಲೆಯ ಹಾಲಿನ ಬೂತ್. ಬೀದಿ ನಿಧಾನವಾಗಿ ತೆಳ್ಳಗಾಯಿತು. ಹಾಲಿನ ಬೂತಿನ ಒಳಗಿನಿಂದಲೇ ಆಸ್ಟ್ರೇಲಿಯಾದ ಗಮ್ ಮರವೊಂದು ಮೇಲೆದ್ದಿತು. ಒಂದು ಗಳಿಗೆ ಎರಡೂ ಊರು ಒಂದೇ ಗೋಡೆಯಲ್ಲಿದ್ದವು. ಆಮೇಲೆ ಜಟಕಾ ನಿಂತಿದ್ದ ಕಡೆ ಟೂಂಗಾಬಿಯ ಇದೇ ಮನೆ, ಇದೇ ಬಾಗಿಲು, ಇದೇ ಲೆಟರ್‌ಬಾಕ್ಸ್ ಮೂಡಿದವು. ಎಲ್ಲೂ ಟಕ್ ಎನ್ನಲಿಲ್ಲ.

"ಟಕ್ ಅಂತ ಊರು ಬದಲಾದ್ರೆ ಯಾರಿಗಾದ್ರೂ ದಿಗಿಲಾಗಲ್ವೇನೋ," ಚಿಕ್ಕಪ್ಪ ಪಿಸುಗುಟ್ಟಿದರು. "ಆ ವಿಮಾನ ಅಮ್ಮನ್ನ ಹಾಗೇ ತಂದು ಇಳಿಸ್ಬಿಡ್ತು."

ಅಜ್ಜಿ ಬಹಳ ಹೊತ್ತು ಗೋಡೆ ನೋಡಿದಳು. ಚೀಲ ಕೆಳಗಿಟ್ಟಳು. ಮಸಿ ಮೆತ್ತಿದ್ದ ಮಗನ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು.

"ಅಂತೂ ಮನೆಗೆ ಬಂದ್ವಲ್ಲ. ಕೈಕಾಲು ತೊಳ್ಕೊಂಡು ಬಾ, ಊಟಕ್ಕೆ ಹಾಕ್ತೀನಿ."

ಕೈಕಾಲು ತೊಳೆಯಲು ಹೋದ ಚಿಕ್ಕಪ್ಪ ಎಷ್ಟು ಹೊತ್ತಾದರೂ ಈಚೆಗೆ ಬರಲಿಲ್ಲ.