ನನ್ನ ವಿರುದ್ಧ ಪೆಟೂನಿಯಾ ಸಾಕ್ಷಿ

ಶೇಂಗಾ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೀಜ ಗಟ್ಟಿಯೋ ಜೊಳ್ಳೋ ಎಂದು ಹೇಳಬಲ್ಲ ಮನುಷ್ಯ ನಾನು. ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಮೂವತ್ತು ವರ್ಷದಿಂದ ಇದೇ ವ್ಯಾಪಾರ. ಇಂಥವನಿಗೆ ಹತ್ತು ಕುಂಡ ಹೂವಿನ ಗಿಡ ಬೆಳೆಸುವುದು ಯಾವ ಮಹಾ ಎಂದುಕೊಂಡಿದ್ದೆ. ಎಷ್ಟು ಮಹಾ ಎಂಬುದು ಆಮೇಲೆ ಗೊತ್ತಾಯಿತು!

ಗಿಡಗಳು ಮನೆಗೆ ಬಂದದ್ದು ನನ್ನ ಬಾಯಿಯ ದೆಸೆಯಿಂದ. ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತ್ತು. ಹಲ್ಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಸದ್ಯಕ್ಕೆ ಏನೂ ಇಲ್ಲ. ಹೊಗೆಸೊಪ್ಪು ಬಿಡದಿದ್ದರೆ ಮುಂದಿನದು ನಾನು ಹೇಳೋಕಾಗಲ್ಲ" ಎಂದರು. ನನ್ನ ಹೆಂಡತಿ ಗಿರಿಜಾಳ ಮುಖ ಸುಣ್ಣದಂತಾಯಿತು. ಮನೆಗೆ ಬಂದವನೇ ದೇವರ ಕೋಣೆಯಲ್ಲಿ ದೀಪ ಮುಟ್ಟಿ, ಇನ್ನು ಸೊಪ್ಪು ಮುಟ್ಟುವುದಿಲ್ಲವೆಂದು ಆಣೆ ಮಾಡಿದೆ. ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. ಚಟ ಬಿಡುವವರ ಕೈಗೆ ಬೇರೆ ಏನಾದರೂ ಕೆಲಸ ಬೇಕಂತೆ. ಗಿರಿಜಾಳ ತವರು ಮೊಳಕಾಲ್ಮೂರು. ಮುಂದಿನ ವಾರವೇ ಅಲ್ಲಿನ ಓಬಳೇಶಣ್ಣನ ನರ್ಸರಿಯಿಂದ ಹನ್ನೆರಡು ಪೆಟೂನಿಯಾ ಸಸಿ ಹೊತ್ತು ತಂದಳು. ಎರಡನ್ನು ಅಡುಗೆಮನೆ ಬಾಗಿಲಲ್ಲಿ ತಾನಿಟ್ಟುಕೊಂಡು, ಉಳಿದ ಹತ್ತನ್ನು ತಾರಸಿಗೆ ಕಳಿಸಿ ನನ್ನ ಪಾಲಿಗೆ ಬಿಟ್ಟಳು.

"ಇನ್ಮೇಲೆ ಇವೇ ನಿಮ್ಮ ಹೊಗೆಸೊಪ್ಪು," ಎಂದಳು.

ಹನ್ನೊಂದು ದಿನ ಆಣೆ ಉಳಿಸಿಕೊಂಡೆ. ಹನ್ನೆರಡನೆಯ ದಿನ ನನ್ನ ಬುದ್ಧಿಗೆ ಒಂದು ಸತ್ಯ ಹೊಳೆಯಿತು: ಗಿರಿಜಾಳಿಗೆ ಮಂಡಿನೋವು, ಅವಳು ತಾರಸಿ ಹತ್ತುವುದಿಲ್ಲ! ಅಂದಿನಿಂದ ಅಲ್ಲಿನ ಒಂದು ಖಾಲಿ ಕುಂಡದಲ್ಲಿ ಪುಟ್ಟದೊಂದು ಪೊಟ್ಟಣ ವಾಸವಾಯಿತು. ಬೆಳಿಗ್ಗೆ ಎದ್ದು ಮೇಲೆ ಹೋಗುವುದು, ಅಂಗೈಯಲ್ಲಿ ಸೊಪ್ಪು ಸುಣ್ಣ ತಿಕ್ಕುವುದು, ಒಂದು ಚಿಟಿಕೆ ಕೆನ್ನೆಗೆ ಇಡುವುದು, ಆಮೇಲೆ ಅದೇ ಕೈಯಿಂದ ಗಿಡಗಳ ಸೇವೆ. ಬಾಡಿದ ಹೂ ಚಿವುಟುವಾಗ ನಾಚಿಕೆಯಾಗುತ್ತಿತ್ತು, ನಿಜ. ಕೆಳಗಿಳಿಯುವ ಮುಂಚೆ ಏಲಕ್ಕಿ ಜಗಿದರೆ ಅದೂ ಹೋಗುತ್ತಿತ್ತು.

ಮೊದಲು ಬಂದದ್ದು ಹುಳ. ಮೊಗ್ಗುಗಳಲ್ಲಿ ಸೂಜಿ ಚುಚ್ಚಿದಂಥ ತೂತು. ಒಂದು ವಾರ ಹುಡುಕಿದರೂ ಕಳ್ಳ ಸಿಗಲಿಲ್ಲ. ಕೊನೆಗೆ ಒಂದು ನೇರಳೆ ಹೂವನ್ನು ಮೂಗಿನ ಹತ್ತಿರ ಹಿಡಿದೆ. ಹೂವಿನ ಒಂದು ಭಾಗ ಎದ್ದು ನಡೆಯಿತು! ಹೂ ತಿಂದು ತಿಂದು ಅದೇ ಬಣ್ಣಕ್ಕೆ ತಿರುಗಿದ ಹುಳ. ತೊಗರಿ ಹೊಲದಲ್ಲಿ ಕಾಯಿಕೊರಕ ನೋಡಿದವನು ನಾನು, ಇಂಥ ವೇಷಗಾರನನ್ನು ನೋಡಿರಲಿಲ್ಲ. ಕೊಲ್ಲಲು ಕೈ ಬಾರದೆ ಎರಡು ನಿಮಿಷ ಬೆರಗಾಗಿ ನಿಂತೆ. ಆ ಎರಡು ನಿಮಿಷದಲ್ಲಿ ಅದು ಇನ್ನೊಂದು ಮೊಗ್ಗು ಮುಗಿಸಿತು.

ಹುಳಗಳನ್ನು ಆರಿಸಿ ಮುಗಿಸುವಷ್ಟರಲ್ಲಿ ಚಿಗುರಿನ ತುಂಬ ಹಸಿರು ಹೇನು. ಮುಟ್ಟಿದರೆ ಜಿಗುಟು. ಸಂಜೆ ಹತ್ತು ಇದ್ದದ್ದು ಬೆಳಿಗ್ಗೆ ನೂರು. ಫೋನಿನಲ್ಲಿ ಹುಡುಕಿ ಓದಿದೆ: ಈ ಹೇನಿಗೆ ಗಂಡಿನ ಹಂಗೇ ಇಲ್ಲ, ಹೆಣ್ಣೊಂದೇ ಮರಿ ಹಾಕುತ್ತಾ ಹೋಗುತ್ತದಂತೆ! ಓಡಿಹೋಗಿ ಗಿರಿಜಾಳಿಗೆ ಹೇಳಿದೆ.

"ಅದಕ್ಕೇ ಅವುಗಳ ಸಂಸಾರ ಅಷ್ಟು ಸಲೀಸಾಗಿ ನಡೀತೈತೆ," ಎಂದು ಅವಳು ಒಗ್ಗರಣೆ ಹಾಕಿದಳು.

ಹೇನು ನೋಡಿ ಇತರರು ಅಳುತ್ತಾರೆ. ನನಗೆ ಒಳಗೊಳಗೇ ಹಬ್ಬ. ಯಾಕೆಂದರೆ ನಮ್ಮಪ್ಪನ ಕಾಲದಿಂದ ಹೇನಿಗೆ ಒಂದು ಔಷಧವಿದೆ. ಹೊಗೆಸೊಪ್ಪಿನ ಕಷಾಯ!

"ಅಂಗಡಿ ವಿಷ ಯಾಕೆ ಗಿರಿಜಾ? ಹಿರಿಯರ ಔಷಧ ಐತಲ್ಲ," ಎಂದೆ ಗಂಭೀರವಾಗಿ.

ಅವಳು ಸೌಟನ್ನು ನನ್ನ ಮೂಗಿನ ನೇರಕ್ಕೆ ಹಿಡಿದಳು. "ಗಿಡಕ್ಕೆ ಮಾತ್ರ."

"ಗಿಡಕ್ಕೆ ಮಾತ್ರ!"

ಹಾಡಹಗಲೇ, ರಾಜಾರೋಷವಾಗಿ, ಅರ್ಧ ಕೆಜಿ ಸೊಪ್ಪು ಮನೆಗೆ ಬಂತು. ಕುದಿಸಿದರೆ ಮನೆಯೆಲ್ಲ ನಾರುತ್ತದೆಂದು ಬರೀ ತಣ್ಣೀರಲ್ಲಿ ನೆನೆಸಿದೆ. ಹನ್ನೆರಡು ಕುಂಡಕ್ಕೂ ಹೊಡೆದೆ. ಉಳಿದ ಸೊಪ್ಪನ್ನು ಕೆಡಬಾರದೆಂದು ನಾನೇ ಕಷ್ಟಪಟ್ಟು ಖಾಲಿ ಮಾಡಿದೆ. ಹೇನು ಹೋಯಿತು. ಅದರ ಹಿಂದೆಯೇ ಒಂದು ಪವಾಡ ಬಂತು.

ಒಂದು ಗಿಡದ ಎಲೆಯಲ್ಲಿ ತಿಳಿಹಸಿರು, ಕಡುಹಸಿರು ಚುಕ್ಕೆ ಬೆರೆತು ಚಿತ್ತಾರ ಮೂಡಿತು. ನೇರಳೆ ಹೂವಿನಲ್ಲಿ ಬಿಳಿ ಗೆರೆ! ಎದುರುಮನೆಯ ತಿಪ್ಪೇಸ್ವಾಮಿಯನ್ನು ಕರೆದು ತೋರಿಸಿದೆ.

"ಹೊಸ ತಳಿ ಕಣಪ್ಪಾ. ನನ್ನ ಕೈಗುಣ."

"ಭಾರಿ ಆಗೈತೆ ಸಾವ್ಕಾರ್ರೆ, ಸೀರೆಗೆ ಬುಟ್ಟಾ ಹಾಕ್ದಂಗೈತೆ," ಎಂದ ತಿಪ್ಪೇಸ್ವಾಮಿ.

ಆ ಗಿಡವನ್ನು ದಿನವೂ ಸವರಿದೆ, ಚಿವುಟಿದೆ, ಅದೇ ಕೈಯಿಂದ ಪಕ್ಕದ ಗಿಡಗಳಿಗೂ ಹೋದೆ. ಇಪ್ಪತ್ತು ದಿನದಲ್ಲಿ ಹತ್ತೂ ಕುಂಡ ಹೊಸ ತಳಿ! ಇನ್ನೊಂದು ವಾರಕ್ಕೆ ಎಲೆಗಳು ಸುಟ್ಟ ಹಪ್ಪಳದಂತೆ ಮುದುಡಿ, ಹೂ ಬಿಡುವುದೇ ನಿಂತಿತು.

ನನಗೆ ಸಿಟ್ಟು ನೆತ್ತಿಗೇರಿತು. ರೋಗದ ಸಸಿ ಕೊಟ್ಟ ನರ್ಸರಿಯವನನ್ನು ಬಿಡಬಾರದು! ಕುಂಡವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಗಿರಿಜಾಳನ್ನು ಸಾಕ್ಷಿಗೆ ಕರೆದುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ನರ್ಸರಿಯಲ್ಲಿ ಏಳೆಂಟು ಮಂದಿ ಗಿರಾಕಿಗಳಿದ್ದರು. ನನಗೆ ಬೇಕಾದದ್ದೂ ಅದೇ. ಕುಂಡ ಕುಕ್ಕಿ ಶೇಂಗಾ ಮಂಡಿಯ ದನಿಯಲ್ಲಿ ಕೂಗಿದೆ: "ಈ ಗಿಡಕ್ಕೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ತಾಗಿಲ್ಲ! ತಪ್ಪು ನಿನ್ನ ಸಸೀದೇ!"

ಓಬಳೇಶಣ್ಣ ಎಲೆಯನ್ನು ಮುಟ್ಟದೆ ಬಗ್ಗಿ ನೋಡಿದ. "ಚೂಡಂಡಿ, ನೋಡ್ರಿ ಸಾವ್ಕಾರ್ರೆ, ಒಂದೇ ತಟ್ಟೆ ಸಸಿ ನಾನು ಕೊಟ್ಟಿದ್ದು. ಎಲ್ಲಾ ಹಿಂಗಾಗವೇನು?"

"ಇಲ್ಲಪ್ಪಾ," ಎಂದಳು ಗಿರಿಜಾ. "ಕೆಳಗಿನ ಎರಡು ನಾನು ನೋಡ್ಕಂತೀನಿ. ಅವು ಚೆನ್ನಾಗವೆ."

"ಹಂಗಾದ್ರೆ ಇದು ಸಸೀದಲ್ಲಮ್ಮಾ, ಹೊಗೆಸೊಪ್ಪಿನ ನಂಜು, ವೈರಸ್ಸು ಅಂತಾರಲ್ಲ ಅದು. ಸೊಪ್ಪು ತಿಕ್ಕಿದ ಕೈಲಿ ಚಿವುಟಿದ್ರೆ ಗಿಡಕ್ಕೆ ಅಂಟ್ತೈತೆ. ಮನೇಲಿ ಯಾರು ಹಾಕ್ತಾರೆ?"

ಗಿರಿಜಾ ನನ್ನ ಪರವಾಗಿ ಸೆಟೆದು ನಿಂತಳು. "ಯಾರೂ ಇಲ್ಲ! ನಮ್ಮ ಮನೆಯವರು ಬಿಟ್ಟು ಎರಡು ತಿಂಗ್ಳಾತು. ದೀಪ ಮುಟ್ಟಿ ಬಿಟ್ಟಾರೆ."

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. "ಕಷಾಯ!" ಎಂದು ಕಿರುಚಿದೆ. "ಹೇನಿಗೆ ಸೊಪ್ಪಿನ ಕಷಾಯ ಹೊಡೆದಿದ್ದೆ. ಅದರದ್ದೇ!"

"ಕೆಳಗಿನ ಎರಡಕ್ಕೂ ಹೊಡೆದ್ರಾ?"

"ಹೊಡೆದ್ರು," ಎಂದಳು ಗಿರಿಜಾ. ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು.

"ಕೈ ತೋರ್ಸ್ರಿ ಸಾವ್ಕಾರ್ರೆ."

ತೋರಿಸಿದೆ. ಬಲಗೈ ಹೆಬ್ಬೆರಳ ತುದಿಯಲ್ಲಿ ಬೆಳಗಿನ ಸುಣ್ಣ ಇನ್ನೂ ಬೆಳ್ಳಗಿತ್ತು! ಏಳೆಂಟು ಗಿರಾಕಿಗಳೂ ಕತ್ತು ಚಾಚಿ ನೋಡಿದರು.

ಓಬಳೇಶಣ್ಣ ಒಳ್ಳೆಯವನು, ಮಾತು ತಿರುಗಿಸಿದ. ಸೊಪ್ಪನ್ನು ಕೊಯ್ದು, ಒಣಗಿಸಿ, ಪೊಟ್ಟಣ ಕಟ್ಟಿ ವರ್ಷಗಟ್ಟಲೆ ಇಟ್ಟರೂ ಈ ನಂಜು ಜೀವ ಹಿಡಿದುಕೊಂಡು ಕೂತಿರುತ್ತದಂತೆ. ಕಣ್ಣಿಗೆ ಕಾಣುವುದಿಲ್ಲವಂತೆ. ಗಿಡಕ್ಕೆ ಮದ್ದೇ ಇಲ್ಲ, ಕಿತ್ತು ಸುಡಬೇಕು. ಬೇರೆ ಗಿಡ ಮುಟ್ಟುವ ಮುಂಚೆ ಕೈಯನ್ನು ಹಾಲಿನಲ್ಲಿ ಅದ್ದಿದರೆ ಹರಡುವುದು ಕಡಿಮೆಯಂತೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಮೂವತ್ತು ವರ್ಷ ನನ್ನ ಅಂಗೈಯಲ್ಲಿ, ಕೆನ್ನೆಯಲ್ಲಿ ಇಂಥದ್ದೊಂದು ಅದ್ಭುತ ಬಿಡಾರ ಹೂಡಿತ್ತು! ಒಣಸೊಪ್ಪು ಗಿಡಕ್ಕೇ ಹೀಗೆ ಮಾಡಿದರೆ ನನ್ನ ಕೆನ್ನೆಗೆ ಏನು ಮಾಡೀತು ಎಂಬ ಭಯ, ಡಾಕ್ಟರ ಟಾರ್ಚಿಗೆ ಹುಟ್ಟದೇ ಇದ್ದದ್ದು, ಆಗ ಹುಟ್ಟಿತು.

ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಕಡೆ ತಿರುಗಿ ಕೂತಳು. ದಾರಿಯಲ್ಲಿ ಹಾನಗಲ್ ಎಂಬ ಊರು ದಾಟಿದ ಮೇಲೆ ಒಂದೇ ಮಾತು ಹೇಳಿದಳು: "ಅಷ್ಟು ಮಂದಿ ಮುಂದೆ ನಿಮಗಾಗಿ ಜಗಳಕ್ಕೆ ನಿಂತೆನಲ್ರೀ." ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನನಗೆ ಅಳು ಬಂತು, ಆದರೆ ಬಸ್ಸಿನಲ್ಲಿ ಪರಿಚಯದವರಿದ್ದರು.

ಮಾರನೆಯ ದಿನ ಹತ್ತು ಗಿಡವನ್ನೂ ನಾನೇ ಕಿತ್ತು ಸುಟ್ಟೆ, ಪೊಟ್ಟಣದ ಸಮೇತ. ಮತ್ತೆ ಆಣೆ ಮಾಡಲು ದೀಪದ ಕಡೆ ಕೈ ಚಾಚಿದಾಗ ಗಿರಿಜಾ ತಡೆದಳು.

"ದೀಪ ಬ್ಯಾಡ. ಅದು ಸುಮ್ನಿರ್ತೈತೆ."

ಆಮೇಲೆ ಅಡುಗೆಮನೆ ಬಾಗಿಲ ಎರಡು ಕುಂಡಗಳಲ್ಲಿ ಒಂದನ್ನು ತಂದು ನನ್ನ ಮುಂದಿಟ್ಟಳು. "ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ, ಕೈ ತೊಳೀದಂಗೆ, ನನ್ನ ಮುಂದೆ ಇದರ ಒಂದು ಎಲೆ ಚಿವುಟಬೇಕು."

"ಹಾಲಲ್ಲಿ ಕೈ ಅದ್ದಲೇನು?"

"ಹಾಲಿಲ್ಲ!"

ಅಂದಿನಿಂದ ಐವತ್ತೆಂಟು ವರ್ಷದ ವ್ಯಾಪಾರಸ್ಥ ದಿನಬೆಳಗೂ ಒಂದು ಪುಟ್ಟ ಗಿಡದ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದಾನೆ. ಒಮ್ಮೆ ಒಂದೆಲೆ ಹಳದಿಯಾಗಿಬಿಟ್ಟಿತು. ಸುಟ್ಟ ದಿನದಿಂದ ಸೊಪ್ಪಿನ ವಾಸನೆಯನ್ನೂ ನೋಡಿರದ ನಾನು ಕುಂಡ ಹಿಡಿದು ಅವಳ ಹತ್ತಿರ ಓಡಿದೆ. ಗಿರಿಜಾ ಕನ್ನಡಕ ಹಾಕಿ ತಿರುಗಿಸಿ ಮುರುಗಿಸಿ ನೋಡಿ, "ನೀರು ಹೆಚ್ಚಾಗೈತೆ, ಅಷ್ಟೆ," ಎಂದಾಗ ಹೋದ ಜೀವ ಬಂತು.

ಮೊನ್ನೆ ತಿಪ್ಪೇಸ್ವಾಮಿ ಬಂದವನು ಕೇಳಿದ: "ಏನ್ ಸಾವ್ಕಾರ್ರೆ, ಸೊಪ್ಪು ಬಿಟ್ರಂತೆ? ನಿಜವೇನು?"

ಹೌದು ಎನ್ನಲು ಎದೆಯುಬ್ಬಿಸಿ ಬಾಯಿ ತೆರೆದೆ.

"ತಡೀರಿ," ಎಂದ ಗಿರಿಜಾ ಎದ್ದು ಹೋಗಿ ಕುಂಡದ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿ ಬಂದಳು.

"ಹೂಂ ತಿಪ್ಪೇಸ್ವಾಮಿ, ಈವತ್ತಿನವರೆಗೆ ಬಿಟ್ಟಾರೆ."

ಮಂಡಿಯಲ್ಲಿ ನನ್ನ ಮಾತೇ ಮಾತು. ಮನೆಯಲ್ಲಿ ಆ ಮಾತಿಗೆ ಗೇಣುದ್ದದ ಗಿಡವೊಂದು ಜಾಮೀನು ನಿಲ್ಲಬೇಕು!