ಸೈಕಲ್ಲಿಗೊಂದು ಸೌನಾ ಸ್ನಾನ

"ಕೇಳಿಸ್ಕೋ ತೂಲಾ! ಈ ಚಳಿಗಾಲ ಮುಗಿದು ನದಿಯ ಮಂಜುಗಡ್ಡೆ ಒಡೆಯೋವರೆಗೂ ನಾನು ಬಸ್ಸಿನ ಮೆಟ್ಟಿಲು ತುಳಿಯಲ್ಲ. ಆಕಾಶವೇ ಹೆಪ್ಪುಗಟ್ಟಿ ತಲೆ ಮೇಲೆ ಬೀಳಲಿ, ಆಫೀಸಿಗೆ ಸೈಕಲ್ಲೇ!"

ಹೀಗೆ ಘೋಷಿಸಿ ಇಲ್ಪೊ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಉತ್ತರದ ಹಿಮನಾಡಿನ ಔಲು ಪಟ್ಟಣದಲ್ಲಿ ಆ ವರ್ಷದ ಮೊದಲ ಹಿಮ ಬಿದ್ದ ಬೆಳಗ್ಗೆ ಅದು. ಇಂಥ ಭೀಷ್ಮಪ್ರತಿಜ್ಞೆಗೆ ಪುಷ್ಪವೃಷ್ಟಿಯಲ್ಲದಿದ್ದರೂ ಒಂದು ಶಹಭಾಸ್ ಆದರೂ ಬೇಡವೇ? ಹೆಂಡತಿ ತೂಲಾ ಏಲಕ್ಕಿ ಬನ್ನಿಗೆ ಬೆಣ್ಣೆ ಸವರುತ್ತಾ ತಲೆಯನ್ನೇ ಎತ್ತಲಿಲ್ಲ.

"ಅದರಲ್ಲೇನು ಹೆಚ್ಚುಗಾರಿಕೆ? ಈ ಊರಲ್ಲಿ ಒಂದನೇ ಕ್ಲಾಸಿನ ಮಕ್ಕಳೂ ಹಿಮದಲ್ಲಿ ಸೈಕಲ್ ಹೊಡ್ಕೊಂಡೇ ಹೋಗ್ತಾವೆ."

"ಒಂದೇ ಒಂದು ದಿನವೂ ತಪ್ಪಿಸದೆ ಹೋಗೋದು ಹೆಚ್ಚುಗಾರಿಕೆ ಕಣೇ!"

"ಹೋದ ವರ್ಷವೂ ಇದೇ ಪುರಾಣ ಊದಿದ್ದೆ. ಆಮೇಲೆ ಬಸ್ಸಲ್ಲಿ ಮುಖ ಮುಚ್ಕೊಂಡು ಹೋದೆ."

ಗಾಯದ ಮೇಲೆ ಉಪ್ಪು ಎಂದರೆ ಇದೇ. ಹೋದ ವರ್ಷ ಒಂದು ದಿನ, ಒಂದೇ ದಿನ, ಚಳಿಗೆ ಹೆದರಿ ಇಲ್ಪೊ ಬಸ್ಸು ಹತ್ತಿದ್ದ. ಅದೇ ಹೊತ್ತಿಗೆ ಸಹೋದ್ಯೋಗಿ ಕೌಕೊ ಸೈಕಲ್ಲಿನಲ್ಲಿ ಪಕ್ಕಕ್ಕೆ ಬಂದು, ಕಿಟಕಿಯಲ್ಲಿ ಇವನನ್ನು ಕಂಡು, ರಾಜಕುಮಾರನಂತೆ ಕೈ ಬೀಸಿದ್ದ. ಇಬ್ಬರೂ ವಿಮಾ ಕಚೇರಿಯ ಅಪಘಾತ ವಿಭಾಗದವರು. ಯಾರಾದರೂ ಹಿಮದಲ್ಲಿ ಜಾರಿಬಿದ್ದರೆ ತಪ್ಪು ಹಿಮದ್ದೋ ಬಿದ್ದವರದ್ದೋ ಎಂದು ತೀರ್ಮಾನಿಸುವುದು ಅವರ ಕೆಲಸ. ಕೆಲಸಕ್ಕಿಂತ ಕಾಫಿ ವಿರಾಮ ಉದ್ದ. ಆ ವಿರಾಮಗಳಲ್ಲೆಲ್ಲ ಕೌಕೊ ಚಳಿಗಾಲ ಮುಗಿಯುವ ತನಕ ಇದೊಂದೇ ಕಥೆಯನ್ನು ಅಗಿದು ಅಗಿದು ರಸ ಹೀರಿದ. ಅದಕ್ಕೇ ಇಲ್ಪೊ ಈ ಸಲ ಹೊಸ ಸೈಕಲ್ಲು ತಂದಿದ್ದ. ಅದರ ಟೈರಿಗೆಲ್ಲ ಮಂಜುಗಡ್ಡೆ ಕಚ್ಚುವ ಉಕ್ಕಿನ ಮೊಳೆಗಳು!

"ಸರಿ, ತಪ್ಪಿದ್ರೆ?" ಎಂದಳು ತೂಲಾ.

"ತಪ್ಪಿ ಬಸ್ಸು ಹತ್ತಿದ್ರೆ, ಸೌನಾದ ಸೌಟನ್ನ ನಿಮ್ಮಮ್ಮನ ಕೈಗೆ ಕೊಡ್ತೀನಿ. ವಸಂತ ಬರೋವರೆಗೂ!"

ಈಗ ತೂಲಾ ತಲೆಯೆತ್ತಿದಳು. ಮಾತು ಸಣ್ಣದಲ್ಲ. ಶನಿವಾರ ಸಂಜೆ ಮನೆಮಂದಿಯೆಲ್ಲ ಟವೆಲ್ಲು ಸುತ್ತಿಕೊಂಡು ಸೌನಾದ ಬಿಸಿ ಕೋಣೆಯಲ್ಲಿ ಕೂತಾಗ, ಕಾದ ಕಲ್ಲುಗಳ ಮೇಲೆ ನೀರು ಸುರಿಯುವ ಸೌಟು ಯಾರ ಕೈಯಲ್ಲಿದೆಯೋ ಅವರೇ ಆ ಮನೆಯ ಸರ್ಕಾರ. ಇಲ್ಪೊ ಸುರಿಯುವುದು ದೇವರಿಗೆ ತೀರ್ಥ ಹಾಕಿದ ಹಾಗೆ, ಹದವಾಗಿ. ಅತ್ತೆ ಸೈಮಿ ಸುರಿದರೆ ಹಬೆ ಏಳುವುದಿಲ್ಲ, ಎರಗುತ್ತದೆ! ಕಿವಿ ಸುಟ್ಟು ಮೇಲಿನ ಹಲಗೆಯಿಂದ ಮಕ್ಕಳು ಕೂರುವ ಕೆಳಗಿನ ಹಲಗೆಗೆ ಇಳಿಯಬೇಕು. ಗಂಡಸಾದವನಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ.

ಅತ್ತೆಯ ಮನೆ ಅಂಗಳದ ಆಚೆ ಬದಿಗೇ. ಸುದ್ದಿ ಮುಟ್ಟಲು ಎಷ್ಟು ಹೊತ್ತು? ಸಂಜೆಗೇ ಬಂದರು. ಎಂಬತ್ತಕ್ಕೆ ಹತ್ತಿರದ ಜೀವ, ಕಡ್ಡಿಯಂಥ ಮೈ, ನಾಲಿಗೆ ಮಾತ್ರ ಹೊಸ ಸ್ಕೇಟಿನ ಅಲಗು.

"ಅಳಿಯಂದ್ರೇ, ಆ ಸೌಟಿನ ಹಿಡಿ ಒಂಚೂರು ಅಲ್ಲಾಡುತ್ತೆ. ನನ್ನ ಕೈಗೆ ಬರೋ ಮುಂಚೆ ಬಿಗಿ ಮಾಡ್ಸಿಬಿಡಿ."

"ನಿಮ್ಮ ಕೈಗೆ ಬಂದಾಗ ನೋಡೋಣ ಅತ್ತೆ!" ಎಂದು ಇಲ್ಪೊ ಎದೆಯುಬ್ಬಿಸಿದ.

ಕ್ರಿಸ್‌ಮಸ್‌ವರೆಗೂ ಎಲ್ಲ ಸಲೀಸು. ಹುಬ್ಬಿನ ಮೇಲೆ ಹಿಮ, ಮೂಗಿನ ತುದಿಯಲ್ಲಿ ಗಡ್ಡೆ, ಮುಖದ ತುಂಬ ಹೆಮ್ಮೆ ಹೊತ್ತು ಇಲ್ಪೊ ಆಫೀಸು ತಲುಪುತ್ತಿದ್ದ. ಜನವರಿಯಲ್ಲಿ ಒಂದು ದಿನ ರೇಡಿಯೋ ಹೇಳಿತು: ನಾಳೆ ಬೆಳಗ್ಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ! ಕಾಫಿ ಹೀರುತ್ತಿದ್ದ ಕೌಕೊನ ಕಣ್ಣು ಮಿನುಗಿತು.

"ನಾಳೆ ಬಸ್ಸಲ್ಲಿ ಕಿಟಕಿ ಪಕ್ಕವೇ ಕೂತ್ಕೋ ಮಾರಾಯ. ಕೈ ಬೀಸೋಕೆ ಅನುಕೂಲ ಆಗುತ್ತೆ."

ಇಲ್ಪೊನ ಮೈ ಉರಿದುಹೋಯಿತು. ಮೇಲಾಗಿ ಆ ಸಂಜೆ ವಾಪಸು ಬರುವಾಗ ಸೈಕಲ್ಲೇ ನರಳಿತು. ಗ್ರೀಸು ಗಟ್ಟಿಯಾಗಿ ಪೆಡಲ್ಲು ತುಳಿದರೆ ರಾಗಿ ಮುದ್ದೆ ತಿರುವಿದ ಹಾಗೆ. ಸೈಕಲ್ಲನ್ನು ಹೊರಗಿನ ಚಳಿಯಲ್ಲೇ ಮಲಗಿಸಬೇಕು, ಬೆಚ್ಚಗಿನ ಕಡೆಗೆ ತಂದರೆ ಹಿಮ ಕರಗಿ ನೀರು ಒಳಗಿಳಿದು ಮರುದಿನ ಹೆಪ್ಪುಗಟ್ಟುತ್ತದೆ. ಇದು ಔಲುವಿನ ತೊಟ್ಟಿಲ ಮಗುವಿಗೂ ಗೊತ್ತು. ಇಲ್ಪೊಗೂ ಗೊತ್ತಿತ್ತು. ಆದರೆ ವಿನಾಶಕಾಲೇ ವಿಪರೀತ ಬುದ್ಧಿ! ಅರ್ಧಂಬರ್ಧ ಬೆಚ್ಚಗಿಟ್ಟರಲ್ಲವೇ ತೊಂದರೆ? ಸೌನಾದಲ್ಲಿಟ್ಟರೆ ಒಂದು ಹನಿಯೂ ಉಳಿಯದೆ ಒಣಗುತ್ತದಲ್ಲ! ಸೌನಾದಲ್ಲಿ ಹೋಗದ ಕಾಯಿಲೆ ಇಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಮನುಷ್ಯರಿಗಾದದ್ದು ಸೈಕಲ್ಲಿಗೆ ಯಾಕಾಗಬಾರದು?

ಒಲೆ ಹೊತ್ತಿಸಿದ. ಸೈಕಲ್ಲನ್ನು ಒಳಗೆ ತಂದು ಹಲಗೆಗೆ ಒರಗಿಸಿದ. ತಾನೂ ಟವೆಲ್ಲು ಸುತ್ತಿಕೊಂಡು ಪಕ್ಕದಲ್ಲೇ ಕೂತ. ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದನೋ ಏನೋ. ಆದರೆ ಎದುರಿಗೆ ಕಲ್ಲು ಕಾದು ಕೂತಿದೆ, ಕೈಯಲ್ಲಿ ಸೌಟಿದೆ. ಈ ಊರಲ್ಲಿ ಹುಟ್ಟಿದ ಕೈ ಸುಮ್ಮನಿರುವುದುಂಟೇ? ಒಂದು ಸೌಟು ಸುರಿದ. ಚೊಂಯ್! ಹಬೆ ತುಂಬಿ ಸೈಕಲ್ಲಿನ ಕಡ್ಡಿಗಳಲ್ಲಿ ಮುತ್ತು ಮುತ್ತಾಗಿ ನೀರಿಳಿಯಿತು. "ನೋಡು, ಬೆವರ್ತಾ ಇದೆ!" ಎಂದು ಹಿಗ್ಗಿ ಇನ್ನೆರಡು ಸೌಟು ಸುರಿದ. ಆಮೇಲೆ, ಸ್ನಾನವೆಂದ ಮೇಲೆ ಪೂರ್ತಿಯಾಗಲಿ ಎಂದು, ಮೈಗೆ ಬಡಿದುಕೊಳ್ಳುವ ಬರ್ಚ್ ಮರದ ಸೊಪ್ಪಿನ ಕಟ್ಟು ತೆಗೆದು ಟೈರು, ಚೈನು, ಸೀಟು ಎಲ್ಲದಕ್ಕೂ ಹದವಾಗಿ ಬಡಿದ.

ಬಾಗಿಲು ತೆರೆಯಿತು. ತೂಲಾ.

"ಯಾರ ಜೊತೆ ಮಾತಾಡ್ತಿದೀಯಾ... ಅಯ್ಯೋ ದೇವರೇ! ಇಲ್ಪೊ, ಇದೇನಿದು?"

"ಚಿಕಿತ್ಸೆ."

"ಯಾರಿಗೆ? ಅದಕ್ಕೋ ನಿನಗೋ?"

"ಬಾಗಿಲು ಹಾಕೇ, ಅದಕ್ಕೆ ಶೀತ ಆಗುತ್ತೆ!"

ತೂಲಾ ಬಾಗಿಲು ಹಾಕಿದಳು. ಆಚೆಯಿಂದ ಅವಳು ಗೋಡೆ ಹಿಡಿದು ನಕ್ಕಿದ್ದು ಒಳಗೆ ಕೇಳಿಸಿತು.

ಬೆಳಗ್ಗೆ ಸೈಕಲ್ಲು ಹಂಸದ ಹಾಗೆ ಹೊರಟಿತು! ಪೆಡಲ್ಲು ಬೆಣ್ಣೆ, ಚೈನು ರೇಷ್ಮೆ. "ಕೌಕೊ, ಎಲ್ಲಿದೀಯೋ?" ಎಂದು ಇಲ್ಪೊ ಹಾಡಿಕೊಂಡ. ನದಿಯ ಸೇತುವೆ ಬರುವವರೆಗೆ ಈ ಸಂಭ್ರಮ. ಸೇತುವೆಯ ನಟ್ಟನಡುವೆ ಒಳಗೆಲ್ಲೋ 'ಕಟಕ್' ಎಂದಿತು. ಆಮೇಲೆ ಪೆಡಲ್ಲು ಮುಂದಕ್ಕೂ ತಿರುಗಿತು, ಹಿಂದಕ್ಕೂ ತಿರುಗಿತು. ಚಕ್ರಕ್ಕೆ ಮಾತ್ರ ಅದರ ಗೊಡವೆಯೇ ಇಲ್ಲ. ಸೈಕಲ್ಲು ರಾತ್ರಿ ಕುಡಿದ ನೀರೆಲ್ಲ ಹಿಂಚಕ್ರದ ಫ್ರೀವೀಲ್ ಒಳಗೆ ಕಲ್ಲಾಗಿ, ಹಲ್ಲುಗಳು ಕಚ್ಚುವುದನ್ನೇ ಮರೆತಿದ್ದವು. ಬ್ರೇಕು ಹಿಡಿದ, ಅದು ಹಿಡಿಕೆಯಲ್ಲೇ ಗರುಡಗಂಬ. ಬೆಲ್ಲು ಒತ್ತಿದ, ಅದೂ ಮೌನವ್ರತ!

ಅಷ್ಟರಲ್ಲಿ ಬಸ್ಸು ಬಂತು. ಪಾಪ, ಆ ಡ್ರೈವರು ಒಳ್ಳೆಯವನು, ನಿಧಾನಿಸಿ ಬಾಗಿಲನ್ನೇ ತೆರೆದ. ಒಳಗಿನ ಬೆಚ್ಚನೆ ಗಾಳಿ ಇಲ್ಪೊನ ಮುಖ ಸವರಿತು. ಕಣ್ಣ ಮುಂದೆ ಅತ್ತೆಯ ಕೈಯಲ್ಲಿ ಸೌಟು ಕುಣಿಯಿತು.

"ಇಲ್ಲಪ್ಪ, ಹೋಗು. ಗಾಳಿ ತಗೋತಾ ಇದೀನಿ," ಎಂದ, ಹಲ್ಲು ಕಟಕಟ ಎನ್ನುವಾಗಲೇ.

ಬಸ್ಸು ಹೋದ ಮೇಲೆ ಹಿಂದಿನಿಂದ ಸರ್... ಸರ್... ಸದ್ದು. ಯಾರೆಂದು ನೋಡಬೇಕಾಗಿಯೇ ಇರಲಿಲ್ಲ. ಅತ್ತೆ ಸೈಮಿಯ ಜಾರುಗಾಡಿ! ಎರಡು ಉದ್ದ ಕಬ್ಬಿಣದ ಪಟ್ಟಿ, ಮುಂದೊಂದು ಕುರ್ಚಿ. ಹಿಂದೆ ನಿಂತು ಒಂದು ಕಾಲಲ್ಲಿ ನೆಲ ಒದೆಯುತ್ತಿದ್ದರೆ ಹಿಮದ ಮೇಲೆ ಬಾಣ. ಕುರ್ಚಿಯ ಮೇಲೆ ಟವೆಲ್ಲಿನ ಚೀಲ. ನದಿಯ ಮಂಜುಗಡ್ಡೆಗೆ ಕೊರೆದ ತೂತಿನಲ್ಲಿ ಮುಳುಗು ಹಾಕಲು ಆಕೆ ದಿನಾ ಹೋಗುವ ದಾರಿ ಅದೇ.

"ಏನಳಿಯಂದ್ರೇ, ಸೇತುವೆ ಅಳೀತಿದೀರಾ?"

"ಏನಿಲ್ಲ ಅತ್ತೆ. ಫ್ರೀವೀಲ್‌ಗೆ ಸ್ವಲ್ಪ... ಚಳಿ."

ಅತ್ತೆ ಬಗ್ಗಿ ನೋಡಿದರು. ಚೈನಿನ ಸಂದಿಯಿಂದ ಏನನ್ನೋ ಕಿತ್ತು ಇಲ್ಪೊನ ಮೂಗಿನ ಮುಂದೆ ಹಿಡಿದರು. ಒಂದು ಬರ್ಚ್ ಎಲೆ.

"ಜನವರಿಯಲ್ಲಿ ನಿಮ್ಮ ಸೈಕಲ್ಲು ಚಿಗುರಿದೆಯಲ್ಲ! ಇದಕ್ಕೆ ಸೊಪ್ಪಲ್ಲಿ ಬಡಿದ್ರಾ?"

ಇಲ್ಪೊ ಎಲೆಯನ್ನು ಕಸಿದು ಜೇಬಿಗೆ ತುರುಕಿದ. ಅಳೋಣವೆಂದರೆ ಕಣ್ಣೀರೂ ಹೆಪ್ಪುಗಟ್ಟುವ ಚಳಿ. ಅತ್ತೆ ಚೀಲ ಕಟ್ಟಿದ್ದ ಹಗ್ಗ ಬಿಚ್ಚಿ, ಒಂದು ತುದಿಯನ್ನು ಗಾಡಿಗೆ, ಇನ್ನೊಂದನ್ನು ಸೈಕಲ್ಲಿನ ಹ್ಯಾಂಡಲಿಗೆ ಬಿಗಿದರು.

"ಸೈಕಲ್ ಹತ್ತಿ ಕೂತ್ಕೊಳ್ಳಿ. ಆಫೀಸಿನವರೆಗೂ ಇಳಿಜಾರೇ. ಬಿಟ್ಟು ಬರ್ತೀನಿ."

ಹೀಗೆ ಹೊರಟಿತು ಮೆರವಣಿಗೆ! ಮುಂದೆ ಅತ್ತೆ ಒದೆಯುತ್ತಾ, ಹಿಂದೆ ಅಳಿಯ ಸೀಟಿನ ಮೇಲೆ. ಆಫೀಸು ಹತ್ತಿರವಾದಂತೆ ಇಲ್ಪೊಗೆ ಮಾನದ ಚಿಂತೆ ಹತ್ತಿತು. ಹೇಗೂ ಪೆಡಲ್ಲು ತಿರುಗುತ್ತಿತ್ತಲ್ಲ? ಜೋರಾಗಿ ತುಳಿಯತೊಡಗಿದ. ನೋಡಿದವರು, ಭಲೇ, ಏನು ವೇಗ, ಮುಂದಿರುವ ಮುದುಕಿ ಯಾರೋ ದಾರಿಹೋಕಳು ಎಂದುಕೊಳ್ಳಬೇಕು! ಕಾಫಿ ಲೋಟ ಹಿಡಿದ ಸಹೋದ್ಯೋಗಿಗಳೆಲ್ಲ ಕಿಟಕಿಗೆ ಬಂದರು. ಎಲ್ಲರ ಮುಂದೆ ಕೌಕೊ. ಇಲ್ಪೊ ಒಂದು ಕೈ ಬಿಟ್ಟು, ಹೋದ ವರ್ಷದ ಬಾಕಿ ತೀರಿಸುವವನಂತೆ, ರಾಜಕುಮಾರನ ಹಾಗೆ ಬೀಸಿದ.

ಬಾಗಿಲ ಮುಂದೆ ಅತ್ತೆ ಗಾಡಿ ನಿಲ್ಲಿಸಿದರು. ಇಲ್ಪೊ ನಿಲ್ಲಲಿಲ್ಲ. ಬ್ರೇಕು ಎಲ್ಲಿತ್ತು? ಅತ್ತೆಯನ್ನು ದಾಟಿ, ಬಾಗಿಲನ್ನು ದಾಟಿ, ಹಗ್ಗ ಬಿಗಿದು ಜಗ್ಗಿ, ಗಾಳಿಯಲ್ಲಿ ಒಂದು ಲಾಗ ಹೊಡೆದು, ಪಕ್ಕಕ್ಕೆ ರಾಶಿ ಹಾಕಿದ್ದ ಹಿಮದಲ್ಲಿ ಸೊಂಟದವರೆಗೆ ನೆಟ್ಟುಕೊಂಡ. ಹೊರಗೆ ಉಳಿದದ್ದು ಎರಡು ಕಾಲು ಮಾತ್ರ. ಅವು ಆಗಲೂ ಪೆಡಲ್ಲು ತುಳಿಯುತ್ತಿದ್ದವು.

ಕೌಕೊ ಓಡಿಬಂದು ಎಳೆದು ತೆಗೆದ. "ನಮ್ಮ ವಿಭಾಗದ ಕೇಸೇ ಇದು. ಹೇಳು, ತಪ್ಪು ಹಿಮದ್ದೋ ಬಿದ್ದವರದ್ದೋ?"

ಶನಿವಾರ ಸೌನಾ ಕಾಯಿತು. ಸೊಂಟ ಹಿಡಿದುಕೊಂಡೇ ಇಲ್ಪೊ ವಾದ ಮಂಡಿಸಿದ. "ನಾನು ಬಸ್ಸು ಹತ್ತಿಲ್ಲ! ಸೈಕಲ್ ಮೇಲೇ ಆಫೀಸು ಮುಟ್ಟಿದೀನಿ! ಸೌಟು ನಂದೇ!"

"ಅಮ್ಮ, ನೀನೇ ಹೇಳು," ಎಂದಳು ತೂಲಾ.

"ನ್ಯಾಯ ಅಂದ್ರೆ ನ್ಯಾಯ," ಎಂದು ಹೊರಗಿನಿಂದ ಅತ್ತೆಯ ದನಿ ಬಂತು. "ಗೆದ್ದಿದಾರೆ. ಸೌಟು ಅಳಿಯಂದ್ರೇ ಇಟ್ಕೊಳ್ಳಲಿ. ನೀವು ಕೂತಿರಿ, ನಾವು ಬಂದ್ವಿ."

ಇಲ್ಪೊಗೆ ಎಷ್ಟು ಖುಷಿಯಾಯಿತೆಂದರೆ 'ನಾವು' ಎಂದರೆ ಯಾರೆಂದು ಕೇಳಲಿಲ್ಲ. ಸೌಟನ್ನು ರಾಜದಂಡದಂತೆ ಹಿಡಿದು ಮೇಲಿನ ಹಲಗೆಯ ಮೇಲೆ ಮಂಡಿಸಿದ. ಬಾಗಿಲು ತೆರೆಯಿತು. ಮೊದಲು ಒಳಗೆ ಬಂದದ್ದು ಅತ್ತೆಯಲ್ಲ, ಒಂದು ಕುರ್ಚಿ. ಸೊಂಟಕ್ಕೆ ನೀಟಾಗಿ ಟವೆಲ್ಲು ಸುತ್ತಿಕೊಂಡ ಜಾರುಗಾಡಿ!

"ಸ್ವಲ್ಪ ಸರ್ಕೊಳ್ಳಿ ಅಳಿಯಂದ್ರೇ," ಎಂದರು ಅತ್ತೆ, ಅದನ್ನು ಜೋಪಾನವಾಗಿ ಒಳಗೆ ತಳ್ಳುತ್ತಾ. "ನಿಮ್ಮನ್ನ ಎಳೆದು ಪಾಪ ಇದಕ್ಕೆ ಬೆನ್ನು ಹಿಡ್ಕೊಂಡಿದೆ. ಸೌನಾದಲ್ಲಿ ಹೋಗದ ಕಾಯಿಲೆ ಇಲ್ವಲ್ಲ. ಎರಡು ಸೌಟು ಹಾಕಿ. ಸೊಪ್ಪಿನ ಸೇವೆ ಆಮೇಲೆ ಮಾಡೋರಂತೆ. ಹೇಗೂ ನಿಮಗೆ ಕೈ ಪಳಗಿದೆ!"

ತೂಲಾ ನಕ್ಕು ನಕ್ಕು ಹಲಗೆಯಿಂದ ಜಾರಿದಳು. ಇಲ್ಪೊ ಒಮ್ಮೆ ಸೌಟು ನೋಡಿದ, ಒಮ್ಮೆ ಗಾಡಿ ನೋಡಿದ. ಆಮೇಲೆ ಸೌಟನ್ನು ಅತ್ತೆಯ ಕೈಗಿತ್ತು, ಮೆಲ್ಲಗೆ ಕೆಳಗಿನ ಹಲಗೆಗೆ ಇಳಿದು, ಜಾರುಗಾಡಿಯ ಪಕ್ಕದಲ್ಲಿ ಮುದುರಿ ಕೂತ.

ಅತ್ತೆ ಸೌಟನ್ನು ಒಮ್ಮೆ ಅಲ್ಲಾಡಿಸಿ ನೋಡಿದರು.

"ಇನ್ನೂ ಹಿಡಿ ಬಿಗಿ ಮಾಡ್ಸಿಲ್ವಾ?"