ಎಡಗಡೆ ಸೀಟಿನ ಅಲಾರಂ

ಬಾಗಿಲಿಲ್ಲದ ಗಾಡಿ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಬಜಾರದಲ್ಲಿ ನಿಲ್ಲಿಸಿ ಚಹಾ ಕುಡಿದು ಬರುವುದರೊಳಗೆ ಹಿಂದೆ ಆಡು ಹತ್ತಿ ಕುಂತಿರುತ್ತದೆ. ಇಲ್ಲವೇ ಗುರುತಿಲ್ಲದ ಮಂದಿ ಬುತ್ತಿ ಬಿಚ್ಚಿಕೊಂಡು ಉಣ್ಣುತ್ತಿರುತ್ತಾರೆ. "ಬರ್ರಿ, ಊಟ ಮಾಡ್ರಿ" ಅಂತ ನನ್ನನ್ನೇ ನನ್ನ ಗಾಡಿಗೆ ಕರೆಯುತ್ತಾರೆ.

ನನ್ನದು ಮೇಲೆ ಟಪ್ಪು ಇಲ್ಲದ ಜೀಪು. ಬೀದರ ಕೋಟೆ ನೋಡಲು ಬಂದವರನ್ನು ಸುತ್ತಾಡಿಸುವುದು, ಮದುವೆ ಇದ್ದರೆ ಮದುಮಗನನ್ನು ಮೆರವಣಿಗೆಯಲ್ಲಿ ಒಯ್ಯುವುದು. ಇಷ್ಟು ವರ್ಷ ಅದಕ್ಕೆ ಅಲಾರಂ ಬೇಕಾಗಿರಲಿಲ್ಲ. ಎಡಗಡೆ ಸೀಟಿನಲ್ಲಿ ನನ್ನ ಹೆಂಡತಿ ಕೂಡುತ್ತಿದ್ದಳು. ನಾನು ಮಂದಿಯ ಜೋಡಿ ಕೋಟೆಯೊಳಗೆ ಹೋದರೆ ಅವಳು ಗಾಡಿಯಲ್ಲೇ ಕುಂತು ಮೆಂತೆ ಪಲ್ಯ ಸೋಸುತ್ತಿದ್ದಳು. ಯಾರಾದರೂ ಗಾಡಿಗೆ ಕೈ ಹಚ್ಚಿದರೆ "ಏ, ಯಾರಂವ? ಕೈ ತಗಿ" ಅಂತ ಒದರುತ್ತಿದ್ದಳು. ಆ ದನಿ ಕೋಟೆಯೊಳಗೆ ನನಗೂ ಕೇಳುತ್ತಿತ್ತು. ಒಮ್ಮೆ ನಾನೇ ಹಿಂದಿನಿಂದ ಬಂದು ಟಯರ್ ನೋಡಲು ಬಾಗಿದ್ದೆ. ನನಗೂ ಬಿತ್ತು.

ಎಂಟು ದಿನ ಜ್ವರ ಬಂತು, ಹೋದಳು. ಅವಳು ಹೊಲಿದ ಕೌದಿ ಮಡಚಿಕೊಂಡು ಆ ಸೀಟಿನ ಮೇಲೆ ಹಾಗೇ ಇದೆ. ಅವಳು ಹೋದ ಮೇಲೆ ಅಲ್ಲಿ ಯಾರನ್ನೂ ಕೂಡಿಸಬಾರದು ಅಂತ ನನ್ನ ಮನಸ್ಸು. ಆದರೆ ಬಾಯಿ ಬಿಟ್ಟು ಹೇಳುವುದು ಹೇಗೆ? "ಅದು ನನ್ನ ಹೆಂಡ್ತಿ ಜಾಗ, ಏಳ್ರಿ" ಅಂದರೆ ಗಿರಾಕಿ ಏನಂದಾನು?

ಅದರ ಮೇಲೆ ಎರಡು ವರ್ಷದಿಂದ ಮಳೆ ಇಲ್ಲ. ಕೋಟೆ ನೋಡುವವರು ಕಡಿಮೆಯಾದರು. ಮದುವೆಗಳೂ ಮುಂದಕ್ಕೆ ಹೋದವು. ಔರಾದ ಕಡೆಯವರು ಮನೆಗೆ ಬೀಗ ಹಾಕಿ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೊಂಟರು. ಅವರನ್ನು ರೈಲಿಗೆ ಮುಟ್ಟಿಸುವುದೇ ನನ್ನ ಕೆಲಸವಾಯಿತು. ಹಿಂದೆ ಗಂಟುಮೂಟೆ ಸಮೇತ ಎಂಟು ಮಂದಿ, ಮುಂದೆ ಒಂದು ಸೀಟು ಖಾಲಿ. ಎಲ್ಲರ ಕಣ್ಣೂ ಅದರ ಮೇಲೆ. ನನ್ನ ಬದಲಿಗೆ ಒದರುವಂಥದ್ದು ಏನಾದರೂ ಬೇಕಾಗಿತ್ತು.

೧. ಬಾಗಿಲಾ ತಗದ್ರ ಒದರೋದು

ಬಸ್‌ಸ್ಟ್ಯಾಂಡಿನ ಹಿಂದೆ ಗಾಡಿಗಳ ವೈರಿಂಗ್ ಮಾಡುವ ಮಿಸ್ತ್ರಿ ಇದ್ದಾನೆ. ನನಗಿಂತ ಸಣ್ಣವ, ಚಾಚಾ ಅನ್ನುತ್ತಾನೆ.

"ಗಾಡಿಗಿ ಅಲಾರಂ ಹಾಕಬೇಕು" ಅಂದೆ.

ಒಂದು ಡಬ್ಬಿ ತೆಗೆದ. "ಇದು ನಂಬರ್ ಒನ್ ಅದ ಚಾಚಾ. ಬಾಗಿಲಾ ತಗದ್ರ ಒದರ್ತದ."

"ಬಾಗಿಲಾ ಇಲ್ಲ."

"ಹಂಗಾರ ಇದು. ಗ್ಲಾಸ್ ಒಡದ್ರ ಒದರ್ತದ."

"ಗ್ಲಾಸ್ ಇಲ್ಲ."

"ಡಿಕ್ಕಿ?"

"ಇಲ್ಲ."

ಅವ ಹೊರಗೆ ಬಂದು ಜೀಪಿಗೆ ಒಂದು ಸುತ್ತು ಹಾಕಿದ. ಪಾನು ಉಗುಳಿದ.

"ಇದ್ರಾಗ ಕಳ್ಳ ಏನ್ ಒಯ್ತಾನ ಚಾಚಾ?"

ನಾನು ಸೀಟಿನ ಕಡೆ ನೋಡಿದೆ.

"ಬಂದ್ರೂ ಪಾಪ, ಮರುಕಪಟ್ಟು ಅವ್ನೇ ಏನಾರ ಇಟ್ಟು ಹೋಗ್ತಾನ" ಅಂದ.

೨. ಅಲುಗಿದ್ರ ಒದರೋದು

ಎರಡನೆಯದು ಅಲುಗಾಡಿದರೆ ಒದರುವುದು. ಹಾಕಿಸಿದೆ. ಗಾಳಿ ಬಂದರೂ ಒದರಿತು. ಕಾಗೆ ಕುಂತರೂ ಒದರಿತು. ನಾನು ಒಳಗೆ ಕುಂತು ಸೀನಿದರೂ ಒದರಿತು.

ಆ ವಾರವೇ ಭಾಲ್ಕಿಯಲ್ಲಿ ನನ್ನ ಹೆಂಡತಿಯ ಸೋದರತ್ತೆ ತೀರಿಕೊಂಡರು. ತುಂಬಿದ ವಯಸ್ಸು. ಹೋದೆ, ಮನೆ ಮುಂದೆ ಜೀಪು ನಿಲ್ಲಿಸಿದೆ. ಅಂಗಳದಲ್ಲಿ ಹತ್ತು ಮಂದಿ ಕುಂತಿದ್ದರು. ಅಳುವವರು ಯಾರೂ ಇರಲಿಲ್ಲ. ಮಕ್ಕಳು ಮೊಮ್ಮಕ್ಕಳೆಲ್ಲ ಪುಣೆಯಲ್ಲಿ ಇಟ್ಟಂಗಿ ಹೊರುತ್ತಿದ್ದರು. ಅವರು ಬರುವ ದಾರಿ ಕಾಯುತ್ತ, ಇದ್ದವರು ಬಿಸಿಲಿನ ಮಾತಾಡುತ್ತಿದ್ದರು.

ಒಂದು ಎಮ್ಮೆ ಬಂತು. ಜೀಪಿಗೆ ಮೈ ತಿಕ್ಕಿತು.

ಅಲಾರಂ ಶುರುವಾಯಿತು. ಎಳೆದು ಎಳೆದು ಒದರಿತು. ಏರಿತು, ಇಳಿಯಿತು, ನಡುವೆ ಒಂದಿಷ್ಟು ದಮ್ಮು ತೆಗೆದುಕೊಂಡು ಮತ್ತೆ ಏರಿತು. ಒಳಗಿದ್ದ ಮುದುಕಿಯರು ಪುಣೆಯವರು ಬಂದರೆಂದು ತಿಳಿದು ತಾವೂ ಅಳಲು ಹತ್ತಿದರು. ಅದನ್ನು ಕೇಳಿ ಅಂಗಳದವರೂ ಟವೆಲ್ಲು ಕಣ್ಣಿಗೆ ಒತ್ತಿಕೊಂಡರು. ನಾನು ಎಮ್ಮೆಯನ್ನು ನೂಕಿ ಸ್ವಿಚ್ಚು ಹುಡುಕುವಷ್ಟರಲ್ಲಿ ಅತ್ತೆಗೆ ಸಲ್ಲಬೇಕಾದ ಅಳು ಪೂರಾ ಸಂದಿತ್ತು.

ನನ್ನ ಹೆಂಡತಿಯ ತಮ್ಮ ಬಂದು ಹೆಗಲ ಮೇಲೆ ಕೈ ಇಟ್ಟ.

"ಮಾಮಾ, ನಮ್ಮಕ್ಕ ಹೋದಾಗ ನಿಮ್ಮ ಕಣ್ಣಾಗ ಒಂದ್ ಹನಿ ನೀರು ಬರ್ಲಿಲ್ಲ. ಇರ್ಲಿ ಬಿಡ್ರಿ. ಗಾಡಿಗಾದ್ರೂ ಕರುಳು ಅದ."

೩. ಮಾತಾಡೋದು

ಅದನ್ನು ತೆಗೆಸಿ ಮಾತಾಡುವುದನ್ನು ಹಾಕಿಸಿದೆ. ಯಾರಾದರೂ ಹತ್ತಿರ ಬಂದರೆ ಒಬ್ಬ ಹೆಣ್ಣುಮಗಳ ದನಿ. ದಯಮಾಡಿ ದೂರ ನಿಲ್ಲಿರಿ ಅಂತ ಹಿಂದಿಯಲ್ಲಿ ಹೇಳುತ್ತದೆ. ಹೆಣ್ಣಿನ ದನಿ ಅಂತಲೇ ನಾನು ಒಪ್ಪಿದ್ದು.

ಕೋಟೆ ಮುಂದೆ ನಿಲ್ಲಿಸಿ ಹೋದೆ. ಅರ್ಧ ತಾಸಿಗೆ ಬಂದು ನೋಡಿದರೆ ಜೀಪಿನ ಸುತ್ತ ಮಂದಿ. ಒಬ್ಬ ಹತ್ತಿರ ಹೋಗುತ್ತಾನೆ, ಅದು ಮಾತಾಡುತ್ತದೆ, ಎಲ್ಲರೂ ನಗುತ್ತಾರೆ, ಇನ್ನೊಬ್ಬ ಹೋಗುತ್ತಾನೆ. ಒಬ್ಬರು ಹಿರಿಯರು ಟೋಪಿ ಸರಿ ಮಾಡಿಕೊಂಡು ಮೂರು ಸಲ ಹೋಗಿ ಬಂದರು. "ಇಷ್ಟ್ ಅದಬಿನಿಂದ, ಮರ್ಯಾದಿಯಿಂದ ನಮ್ ಮನ್ಯಾಗ ಯಾರೂ ನನ್ ಜೋಡಿ ಮಾತಾಡೂದಿಲ್ಲ" ಅಂದರು. ಎಡಗಡೆ ಸೀಟಿನಲ್ಲಿ ಇಬ್ಬರು ಕುಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೌದಿ ಕೆಳಗೆ ಧೂಳಿನಲ್ಲಿ ಬಿದ್ದಿತ್ತು. ಝಾಡಿಸಿ ಮತ್ತೆ ಹಾಕಿದೆ.

ಮಿಸ್ತ್ರಿ ಹತ್ತಿರ ಹೋದೆ.

"ಏನಾತು ಚಾಚಾ? ಆವಾಜ್ ಸರಿ ಇಲ್ಲೇನು?"

"ಆವಾಜ್ ಸರಿ ಅದ. ಬೈಯೂದಿಲ್ಲ."

"ಹ್ಞಾ?"

"ಹೆಣ್ಮಗಳೇ ಇರ್ಲಿ. ಆದ್ರ ಬೈಯೋ ದನಿ ಬೇಕು. ಅಂಥದ್ದು ಇಲ್ಲೇನು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. "ಅದು ಅಂಗಡ್ಯಾಗ ಸಿಗೂದಿಲ್ಲ ಚಾಚಾ. ಅದಕ್ಕ ಮನಿಗಿ ಹೋಗಬೇಕು" ಅಂದ ಮಿಸ್ತ್ರಿ. ಅಂದವನಿಗೆ ನೆನಪಾಯಿತು. ಮುಖ ಸಣ್ಣದಾಯಿತು. ಚಹಾ ಹೇಳಿದ. "ತಪ್ಪಾತು ಚಾಚಾ" ಅಂದ.

"ತಪ್ಪೇನಿಲ್ಲ ಬಿಡು" ಅಂದೆ. "ಮನಿಗೂ ಹೋಗಿ ನೋಡೀನಿ. ಅಲ್ಲೂ ಸ್ಟಾಕ್ ಇಲ್ಲ."

೪. ಕುಂತ್ರ ಒದರೋದು

ಮಿಸ್ತ್ರಿ ಎರಡು ದಿನ ವಿಚಾರ ಮಾಡಿ ತಾನೇ ಒಂದು ತಯಾರು ಮಾಡಿದ. ಸೀಟಿನ ಕೆಳಗೆ ಒಂದು ಸ್ವಿಚ್ಚು. ಭಾರ ಬಿದ್ದರೆ ಒದರುತ್ತದೆ, ಎದ್ದರೆ ನಿಲ್ಲುತ್ತದೆ. ಹಾಕಿ ಮುಗಿಸಿ "ಕೂಡ್ರಿ ಚಾಚಾ" ಅಂದ. ಕುಂತೆ. ಒದರಿತು. ಡ್ರೈವರ್ ಸೀಟಿಗೇ ಹಾಕಿದ್ದ.

"ನಾ ಎಲ್ಲಿ ಕೂಡ್ಲಿ? ಎಡಗಡಿ ಸೀಟಿಗಿ ಹಾಕು."

"ಅಲ್ಲಿ ಕುಂತು ಯಾರು ಗಾಡಿ ಒಯ್ತಾರ ಚಾಚಾ?"

"ಹಾಕು."

ಅವ ಸೀಟಿನ ಮೇಲಿನ ಕೌದಿ ನೋಡಿದ. ನನ್ನ ಮುಖ ನೋಡಿದ. ಮತ್ತೇನೂ ಕೇಳದೆ ಹಾಕಿದ. ಗಾಡಿ ನಡೆಯುವಾಗಲೂ ಒದರಬೇಕು ಅಂದೆ, ಹಾಗೇ ಮಾಡಿದ.

"ಬಂದ್ ಮಾಡೋ ಬಟನ್ ಎಲ್ಲಿ ಇಡ್ಲಿ?"

"ಬ್ಯಾಡ. ಬಟನ್ ಇದ್ರ ಮುಲಾಜಿಗಿ ಬಿದ್ದು ನಾನೇ ಬಂದ್ ಮಾಡ್ತೇನಿ."

ಮನೆಗೆ ಬಂದು ಗಲ್ಲಿಯಲ್ಲಿ ನಿಲ್ಲಿಸಿದೆ. ಮಧ್ಯಾಹ್ನ ಯಾರದೋ ನಾಯಿ ಸೀಟು ಹತ್ತಿ ಮಲಗಿತು. ಅಲಾರಂ ಜೋರಾಗಿ ಒದರಿತು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬರುವುದರೊಳಗೆ ಗಲ್ಲಿಯೇ ಹೊರಗೆ ಬಂದಿತ್ತು. ಹೆಂಗಸರು, ಮುದುಕರು, ಸಾಲಿ ಹುಡುಗಿಯರು, ಎಲ್ಲರ ಕೈಯಲ್ಲೂ ಕೊಡ. ಒಬ್ಬ ಅರ್ಧ ಗಡ್ಡ ಕೆರೆದುಕೊಂಡು ಎರಡು ಬಕೆಟ್ ಹಿಡಿದು ಓಡಿ ಬಂದಿದ್ದ. ಜೀಪಿನ ಹಿಂದೆ ಆಗಲೇ ಪಾಳಿ ನಿಂತಿತ್ತು, ಪಾಳಿಯಲ್ಲಿ ಜಗಳವೂ ಶುರುವಾಗಿತ್ತು.

ಆಮೇಲೆ ತಿಳಿಯಿತು. ನಮ್ಮ ಗಲ್ಲಿಗೆ, ಸುತ್ತಲಿನ ಹಳ್ಳಿಗಳಿಗೆ ಹೋಗುವ ನೀರಿನ ಟ್ಯಾಂಕರುಗಳಿಗೂ ಅದೇ ಮಿಸ್ತ್ರಿ ಅದೇ ಹಾರ್ನು ಹಾಕಿದ್ದ. ಟ್ಯಾಂಕರ್ ಬಂದು ಐದು ದಿನವಾಗಿತ್ತು.

ಪಕ್ಕದ ಮನೆಯ ಹೆಣ್ಣುಮಗಳು ಜೀಪಿನ ಸುತ್ತ ನೋಡಿದಳು. "ಪೈಪ್ ಎಲ್ಲಿ ಕಾಕಾ?"

"ಪೈಪ್ ಇಲ್ಲವ್ವಾ. ನೀರಿಲ್ಲ. ಇದು ನನ್ನ ಜೀಪು."

"ನೀರಿಲ್ಲಂದಮ್ಯಾಲ ಒದರೂದ್ಯಾಕ?"

ನಾಯಿಯನ್ನು ಇಳಿಸಿದೆ. ಮಂದಿ ಬೈಯುತ್ತ ಒಳಗೆ ಹೋದರು. ಒಬ್ಬ ಅಜ್ಜಿ ಮಾತ್ರ ಖಾಲಿ ಕೊಡ ಹಿಡಿದು ನಿಂತೇ ಇದ್ದಳು. ನನ್ನ ಮನೆಯ ಕುಡಿಯುವ ನೀರು ಒಂದು ತಂಬಿಗೆ ಹಾಕಿದೆ.

ಮರುದಿನ ಮುಂಜಾನೆ ಎದ್ದು ನೋಡಿದರೆ ಜೀಪಿನ ಹಿಂದೆ ಹದಿನೆಂಟು ಕೊಡ ಸಾಲಾಗಿ ಇಟ್ಟಿದ್ದರು.

"ಇದ್ಯಾಕವ್ವಾ?" ಅಂದೆ ಪಕ್ಕದ ಮನೆಯವಳಿಗೆ.

"ಇರ್ಲಿ ತಗೋ ಕಾಕಾ. ಒದರೂದಂತೂ ಕಲ್ತದ. ನಾಳಿಗಿ ನೀರೂ ಕೊಡ್ಲಿಕ್ಕ ಹತ್ತಿದ್ರ ನಮ್ ಪಾಳಿ ಹೋಗಬಾರದು."

೫. ಚಿಂತಾಕಿ ಮುದುಕಿ

ಔರಾದ ಕಡೆಯ ಚಿಂತಾಕಿ ಊರಿನಿಂದ ಒಂದು ಮನೆಯವರು ಹೊಂಟಿದ್ದರು. ಗಂಡ, ಹೆಂಡತಿ, ಮೂರು ಮಕ್ಕಳು, ಗಂಡನ ತಾಯಿ. ಬೀದರ ಸ್ಟೇಷನ್ನಿನಿಂದ ಹೈದರಾಬಾದ್ ರೈಲು ಹಿಡಿಯಬೇಕು. ಮುದುಕಿಯ ಕಂಕುಳಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಕೊಡ. "ಹೈದರಾಬಾದಿನಾಗ ಕೊಡ ಸಿಗ್ತಾವವ್ವಾ, ಬಿಡು" ಅಂತ ಮಗ ದಾರಿಯುದ್ದಕ್ಕೂ ಹೇಳಿದ. ಅವಳು ಬಿಡಲಿಲ್ಲ.

ಜನವಾಡದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಮುದುಕಿ ಇಳಿದಳು. ಇಳಿದವಳಿಗೆ ಮತ್ತೆ ಹಿಂದೆ ಹತ್ತಲು ಮೊಣಕಾಲು ಏಳಲಿಲ್ಲ. ಮಗ ಎತ್ತಿದ, ಸೊಸೆ ಎಳೆದಳು, ಆಗಲಿಲ್ಲ. ಮುದುಕಿ ಸುತ್ತು ಹಾಕಿ ಮುಂದೆ ಬಂದಳು.

"ಅವ್ವಾ, ಅಲ್ಲಿ ಬ್ಯಾಡ" ಅಂದೆ.

"ಯಾಕ? ಮುರದದೇನು?"

"ಇಲ್ಲ."

"ಮತ್ತ?"

ಬಾಯಿ ಬರಲಿಲ್ಲ. ಅವಳು ಕೌದಿ ಮೇಲೆ ಕುಂತಳು. ಒದರಿತು.

ಹೋಟೆಲಿನವ ಕೈಯಲ್ಲಿನ ಗ್ಲಾಸು ಬಿಟ್ಟ. ಹಿಂದೆ ಕೂಸು ಅಳಲು ಹತ್ತಿತು. "ಏಳವ್ವಾ, ಏಳು" ಅಂದ ಮಗ.

"ಏಳಂಗಿಲ್ಲ" ಅಂದಳು ಮುದುಕಿ. "ಒದರಿದ್ರ ಒದರ್ಲಿ. ಇಷ್ಟು ವರ್ಷದ ಊರು ಬಿಟ್ಟು ಹೊಂಟೀನಿ. ಯಾರೂ ಒಂದ್ ಮಾತು ಯಾಕ ಹೊಂಟೀದಿ ಅನ್ಲಿಲ್ಲ. ಇದಾದ್ರೂ ಒದರ್ಲಿಕತ್ತದ."

ಬಟನ್ ಇಲ್ಲ. ವೈರು ಕೀಳೋಣವೆಂದರೆ ಅದು ಸೀಟಿನ ಕೆಳಗೆ, ಸೀಟಿನ ಮೇಲೆ ಮುದುಕಿ. ರೈಲಿನ ಹೊತ್ತಾಗಿತ್ತು. ಗಾಡಿ ಬಿಟ್ಟೆ.

ಮುಂದೆ ಹೊರಟಿದ್ದ ಬಸ್ಸು ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು. ಎತ್ತಿನ ಗಾಡಿಯವ ಎತ್ತುಗಳನ್ನು ಹೊಲಕ್ಕೇ ಇಳಿಸಿದ. ರಸ್ತೆ ಬದಿಯ ಊರು ಬಂತು. ಮನೆಮನೆಯಿಂದ ಹೆಂಗಸರು ಕೊಡ ಹಿಡಿದು ಓಡಿ ಬಂದರು. ನಾನು ನಿಲ್ಲಿಸಲಿಲ್ಲ. ಅವರು ಹಿಂದೆ ಬೆನ್ನು ಹತ್ತಿದರು. "ಏ ಟ್ಯಾಂಕರ್, ನಿಲ್ಲೋ" ಅಂತ ಕೂಗಿದರು. ಹಿಂದೆ ಕುಂತ ಮಗ ಎರಡೂ ಕೈ ಎತ್ತಿ ಕೂಗಿದ: "ನೀರಲ್ರೀ, ನಮ್ಮವ್ವ!"

ಬೀದರ ಊರು ಸೇರುವಲ್ಲಿ ಒಬ್ಬ ಪೊಲೀಸಪ್ಪ ಎಲ್ಲ ಗಾಡಿ ನಿಲ್ಲಿಸಿ ನಮಗೆ ಮುಂದೆ ಹೋಗಲು ಕೈ ಮಾಡಿದ. ಯಾವ ಸಾಹೇಬರ ಗಾಡಿ ಅಂದುಕೊಂಡನೋ, ಸಲಾಮನ್ನೂ ಹೊಡೆದ. ಮುದುಕಿ ಕೊಡ ಹಿಡಿದ ಕೈಯಿಂದಲೇ ಅವನಿಗೆ ಸಲಾಮು ಹೊಡೆದಳು.

ಆಮೇಲೆ ನನ್ನ ಕಿವಿ ಹತ್ತಿರ ಬಾಗಿ ಒದರಿದಳು. "ಈ ಕೌದಿ ಯಾರು ಹೊಲ್ದದ್ದು?"

"ನನ್ನ ಹೆಂಡ್ತಿ."

"ಎಲ್ಲಿ ಅದಾಳ?"

"ಇಲ್ಲವ್ವಾ. ಹೋದಳು."

ಮುದುಕಿ ಸುಮ್ಮನಾದಳು. ಅಲಾರಂ ಸುಮ್ಮನಾಗಲಿಲ್ಲ.

"ಇದು ಆಕಿ ಕೂಡೋ ಜಾಗೇನು?"

"ಹ್ಞೂಂ."

"ಅದಕ್ಕ ಒದರ್ತದೇನು?"

"ಹ್ಞೂಂ."

ಅವಳು ಕೌದಿಯ ಅಂಚನ್ನು ಬೆರಳಲ್ಲಿ ಸವರಿದಳು. ಹೊಲಿಗೆ ನೋಡಿದಳು. "ಆಕಿನೂ ಇಷ್ಟೇ ಒದರ್ತಿದ್ಲೇನೋ ತಮ್ಮಾ?"

"ಇದೇನವ್ವಾ, ಇದು ಅರ್ಧಾನೂ ಇಲ್ಲ."

ಮುದುಕಿ ನಕ್ಕಳು. ನಾನೂ ನಕ್ಕೆ. ನಗು ನಿಲ್ಲಲಿಲ್ಲ. ಕಣ್ಣು ಮಂಜಾಗಿ ರಸ್ತೆ ಕಾಣದಾಯಿತು. ಸ್ಟೇಷನ್ ಮುಂದೆ ಗಾಡಿ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆ ಇಟ್ಟೆ. ಹೆಂಡತಿ ಹೋದ ಮೇಲೆ ನಾನು ಅತ್ತದ್ದು ಅವತ್ತೇ ಮೊದಲು. ಅಲಾರಂ ಒದರುತ್ತಿತ್ತು, ನನ್ನದು ಯಾರಿಗೂ ಕೇಳಲಿಲ್ಲ. ಮುದುಕಿ ಬೆನ್ನ ಮೇಲೆ ಕೈ ಇಟ್ಟು ಹಾಗೇ ಕುಂತಿದ್ದಳು. ನಾನು ಮುಗಿಸುವವರೆಗೆ ಏಳಲಿಲ್ಲ.

ಆಮೇಲೆ ಇಳಿದಳು. ಒದರುವುದು ನಿಂತಿತು. ಮಗ ಗಂಟು ಹೊತ್ತು "ಜಲ್ದಿ ಬಾ" ಅಂದ. ಅವಳು ಕೌದಿಯ ಧೂಳು ಝಾಡಿಸಿ, ಸರಿಯಾಗಿ ಮಡಚಿ, ತನ್ನ ಖಾಲಿ ಕೊಡವನ್ನು ಅದರ ಮೇಲೆ ಇಟ್ಟಳು.

"ಇದ್ಯಾಕವ್ವಾ?"

"ಪಾಳಿ. ಮಳಿ ಆದ್ಮ್ಯಾಲ ಊರಿಗಿ ಬರ್ತೇನಿ. ಇದೇ ಸೀಟು ನಂಗ ಇಡು."

ರೈಲು ಹೋಯಿತು. ನಾನು ಕೊಡವನ್ನೇ ನೋಡುತ್ತ ಕುಂತೆ. ಈಗ ಒದರುತ್ತದೆ, ಆಗ ಒದರುತ್ತದೆ ಅಂತ ಕಾದೆ. ಒದರಲಿಲ್ಲ. ನನ್ನ ಹೆಂಡತಿಗೆ ಒಪ್ಪಿಗೆ ಇದ್ದಂತೆ ಕಂಡಿತು.

ಮಳೆ ಇನ್ನೂ ಬಂದಿಲ್ಲ. ಕೊಡ ಅಲ್ಲೇ ಇದೆ. ಮೊನ್ನೆ ಒಬ್ಬ ಗಿರಾಕಿ "ಮುಂದ ಕೂಡ್ಲೇನ್ರಿ?" ಅಂದ. ನನಗೆ ಈಗ ಬಾಯಿ ಬಂದಿದೆ.

"ಬ್ಯಾಡ್ರಿ" ಅಂದೆ. "ಇಬ್ರು ಹೆಣ್ಮಕ್ಕಳ ಪಾಳಿ ಅದ. ಇಬ್ರೂ ಸುಮ್ಮನಿರೋರಲ್ಲ."